ವಂದನಾರ್ಪಣೆಯ ಡಾಕ್ಟರಮ್ಮ

ನಮ್ಮ ಜನರಲ್ಲಿ ಯಾರೇ ಆಗಲಿ ಒಳ್ಳೆಯವರಾಗಬೇಕಾದರೆ ಮೊದಲು ಸಾಯಬೇಕು. ಸುದ್ದಿ ಬಂದ ಅರ್ಧ ಗಂಟೆಯೊಳಗೆ ಅವರ ಕೋಪ ನೇರ ನುಡಿಯಾಗುತ್ತದೆ, ಜಿಪುಣತನ ಸರಳ ಜೀವನವಾಗುತ್ತದೆ. ಡಾಕ್ಟರಮ್ಮನ ವಿಷಯದಲ್ಲಿ ಮಾತ್ರ ಈ ಪರಿವರ್ತನೆಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಅವರು ತೀರಿಕೊಂಡರೆಂದು ತಿಳಿಸಲು ನನ್ನ ಗೆಳತಿ ಸುಮಿತ್ರಾ ಫೋನು ಮಾಡಿದವರು, "ಎಂಥಾ ದೊಡ್ಡ ಮನಸ್ಸು ರೀ ಅವರದ್ದು" ಎಂದು ಆರಂಭಿಸಿ, ಮುಂದೇನು ಹೇಳಬೇಕೆಂದು ತೋಚದೆ ಕೆಮ್ಮಿ, "ಸ್ವಲ್ಪ ಬಾಯಿ ಜಾಸ್ತಿ, ಅಷ್ಟೇ" ಎಂದರು. ಸುಮಿತ್ರಾ ಯಾರಿಗಾದರೂ ಪ್ರಾಮಾಣಿಕವಾಗಿ ಶ್ರದ್ಧಾಂಜಲಿ ಸಲ್ಲಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಂಬತ್ತರ ದಶಕದ ಆರಂಭದಲ್ಲಿ ನಾವು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ರಮೋನ್‌ಗೆ ಬಂದು ಸೇರಿದೆವು. ನನ್ನ ಗಂಡನ ಆಫೀಸು ಕೊಲ್ಲಿಯ ಆಚೆ ದಡದಲ್ಲಿ, ರೆಡ್‌ವುಡ್ ಸಿಟಿಯಲ್ಲಿ. ಆಫೀಸಿನ ಹತ್ತಿರ ಮನೆ ಕೊಳ್ಳಲು ಶಕ್ತಿಯಿಲ್ಲದವರೆಲ್ಲ "ಇಲ್ಲಿ ಸ್ಕೂಲು ಬಹಳ ಚೆನ್ನಾಗಿದೆ" ಎಂದು ಹೇಳಿಕೊಂಡು ಈಚೆಯ ಬೋಳು ಗುಡ್ಡಗಳ ನಡುವೆ ಮನೆ ಮಾಡುತ್ತಿದ್ದರು. ನಾವೂ ಹಾಗೇ ಹೇಳುತ್ತಿದ್ದೆವು. ನಮ್ಮ ಮಗಳು ಅನು ಆಗಿನ್ನೂ ಡೇಕೇರಿನಲ್ಲಿದ್ದಳು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಡಾಕ್ಟರಮ್ಮನ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿತ್ತು. ಧಾರವಾಡದವರು. ಐವತ್ತು ದಾಟಿತ್ತು. ಲಿವರ್‌ಮೋರ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಅಂದರೆ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವ ಕೆಲಸ. ಇಳಕಲ್ ಸೀರೆ ಉಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಹಡಗಿನಂಥ ಒಂದು ಹಳೆಯ ಸ್ಟೇಷನ್ ವ್ಯಾಗನ್ ಓಡಿಸಿಕೊಂಡು ಹೋಗುತ್ತಿದ್ದರು. ಫ್ರೀವೇಯಲ್ಲಿ ಅವರ ಪಕ್ಕ ಕುಳಿತವರು ದೇವರನ್ನು ನೆನೆಯುವುದು ವಾಡಿಕೆಯಾಗಿತ್ತು. ತಮ್ಮ ವೃತ್ತಿಯ ಬಗ್ಗೆ ಅವರಿಗಿದ್ದ ದೂರು ಒಂದೇ.

"ಸರ್ಜನ್‌ಗೆ ಹೂವು ಬರ್ತಾವ, ನರ್ಸಿಗೆ ಚಾಕೊಲೇಟ್ ಬರ್ತಾವ. ನನಗ ಯಾರೂ ಥ್ಯಾಂಕ್ಸ್ ಹೇಳಂಗಿಲ್ರಿ. ಪಾಪ, ಹೇಳಬೇಕಾದವರು ಮಲಗಿರ್ತಾರ."

ಅವರ ಗಂಡನೂ ಡಾಕ್ಟರೇ. ಒಹಾಯೋದಲ್ಲಿದ್ದಾರೆ, ಬೇರೆ ಮದುವೆಯಾಗಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹೊಸದಾಗಿ ಪರಿಚಯವಾದ ಪ್ರತಿಯೊಬ್ಬರೂ "ಯಜಮಾನರು ಎಲ್ಲಿದ್ದಾರೆ?" ಎಂದು ಕೇಳಿಯೇ ಕೇಳುತ್ತಿದ್ದರು. "ಅವರು ಆರಾಮ ಇದ್ದಾರ, ನಾನೂ ಆರಾಮ ಇದ್ದೀನಿ" ಎಂದು ಹೇಳಿ ಡಾಕ್ಟರಮ್ಮ ಮಾತು ಮುಗಿಸುತ್ತಿದ್ದರು. ಗಂಡ ಬಿಟ್ಟ ಹೆಂಗಸು ಆರಾಮವಾಗಿರುವುದು ನಮ್ಮ ಬಳಗಕ್ಕೆ ಅಷ್ಟೇನೂ ಹಿಡಿಸುತ್ತಿರಲಿಲ್ಲ. ಸ್ವಲ್ಪ ಕಣ್ಣೀರು ಹಾಕಿದ್ದರೆ ಎಲ್ಲರೂ ಸರದಿಯ ಮೇಲೆ ಊಟಕ್ಕೆ ಕರೆಯುತ್ತಿದ್ದರು.

ಬಳಗ ಅಂದೆ. ಆಸುಪಾಸಿನ ಕನ್ನಡದವರೆಲ್ಲ ಸೇರಿ ಮಾಡಿಕೊಂಡ ಪುಟ್ಟ ಕೂಟ ಅದು. ಯುಗಾದಿ, ದೀಪಾವಳಿ, ರಾಜ್ಯೋತ್ಸವಕ್ಕೆ ಯಾವುದಾದರೂ ಶಾಲೆಯ ಹಾಲು ಹಿಡಿದು ಕಾರ್ಯಕ್ರಮ ಮಾಡುತ್ತಿದ್ದೆವು. ಸ್ವಾಗತ ಭಾಷಣ, ಅಧ್ಯಕ್ಷ ಭಾಷಣ ಗಂಡಸರಿಗೆ. ಪ್ರಾರ್ಥನೆ, ವಂದನಾರ್ಪಣೆ ಹೆಂಗಸರಿಗೆ ಎಂದು ಯಾರೂ ಬರೆದಿಡದ ಕಾನೂನಿತ್ತು. ಪ್ರಾರ್ಥನೆಗೆ ಕಂಠ ಬೇಕು. ವಂದನಾರ್ಪಣೆಗೆ ಏನೂ ಬೇಡ, ಏಕೆಂದರೆ ಆ ಹೊತ್ತಿಗೆ ಸಭಿಕರೆಲ್ಲ ಊಟದ ಸಾಲಿನಲ್ಲಿ ನಿಂತಿರುತ್ತಾರೆ. ಹೀಗಾಗಿ ಅದನ್ನು ಡಾಕ್ಟರಮ್ಮನಿಗೆ ಕೊಟ್ಟರು. ಕೊಟ್ಟವರಿಗೆ ತಾವೇನು ಮಾಡುತ್ತಿದ್ದೇವೆ ಎಂಬ ಅರಿವಿರಲಿಲ್ಲ.

ಅವರು ಮೊದಲ ಸಲ ಮೈಕಿನ ಮುಂದೆ ನಿಂತು, ಅಧ್ಯಕ್ಷರು ತಮ್ಮ ಭಾಷಣವನ್ನು ಕೊನೆಗೂ ಮುಗಿಸಿದ್ದಕ್ಕೆ ಬಳಗದ ಪರವಾಗಿ ಹೃತ್ಪೂರ್ವಕ ವಂದನೆ ಸಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು, ಅವರಿಗೆ ಅರ್ಥವಾಗಿದ್ದು ಮನೆಗೆ ಹೋದ ಮೇಲೆ. ಮರುವರ್ಷ ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಸಮಾಜದಲ್ಲಿ ಸ್ತ್ರೀಯರ ಸ್ಥಾನಮಾನದ ಮೇಲೆ ದೀರ್ಘವಾಗಿ ಮಾತಾಡಿದರು. ಸ್ತ್ರೀಯರು ಯಾರೂ ಕೇಳಲಿಲ್ಲ, ಎಲ್ಲರೂ ಹಿಂದಿನ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದೆವು. ವಂದನಾರ್ಪಣೆಯಲ್ಲಿ ಡಾಕ್ಟರಮ್ಮ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು, ಹಿಟ್ಟಿನ ಕೈಯಲ್ಲೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, "ಇದು ನೋಡ್ರಿ, ನೀವು ಹೇಳಿದ ಸ್ಥಾನ. ಮಾನ ಬೋಂಡ ತಿಂದ ಮ್ಯಾಲೆ ತಿಳೀತದ" ಎಂದರು. ಅತಿಥಿಗಳು ಬಹಳ ಗಂಭೀರವಾಗಿ ತಲೆದೂಗಿದರು.

ಅವರನ್ನು ಬದಲಾಯಿಸಬೇಕೆಂದು ಕಮಿಟಿಯಲ್ಲಿ ಆಗಾಗ ಮಾತು ಬರುತ್ತಿತ್ತು. ಆದರೆ ಊಟದ ಸಾಲಿನಲ್ಲಿ ಹಿಂದೆ ಬೀಳಲು ಇನ್ನೊಬ್ಬರು ಸಿದ್ಧರಿರಲಿಲ್ಲ.

ಒಂದು ದೀಪಾವಳಿಯಲ್ಲಿ ಪ್ರಭಾಕರ ತನ್ನ ಹೆಂಡತಿಯನ್ನು ಮೊದಲ ಬಾರಿಗೆ ಕರೆತಂದ. ಪ್ರಭಾಕರ ಉಡುಪಿ ಕಡೆಯವನು, ಸ್ಯಾನ್ ರಮೋನ್‌ನ ಆಫೀಸ್ ಪಾರ್ಕಿನಲ್ಲಿಯೇ ಎಂಜಿನಿಯರು. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಊರಿಗೆ ಹೋಗಿ ಮದುವೆಯಾಗಿ ಬಂದಿದ್ದ. ಗಟ್ಟಿಯಾಗಿ ಮಾತಾಡಿದವನಲ್ಲ, ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಚಿನ್ನದಂಥ ಹುಡುಗ ಎಂದು ನಾವೆಲ್ಲ ಒಪ್ಪಿದ್ದೆವು. ಅವನ ಹೆಂಡತಿ ತೆಳ್ಳಗೆ, ಕಪ್ಪಗೆ, ದೊಡ್ಡ ಕಣ್ಣಿನ ಹುಡುಗಿ. ಅವಳು ಬಂದು ವರ್ಷ ದಾಟಿದೆ ಎಂದು ಆ ದಿನವೇ ನಮಗೆ ಗೊತ್ತಾಗಿದ್ದು. ಏನು ಹೆಸರಮ್ಮ ಎಂದು ಡಾಕ್ಟರಮ್ಮ ಕೇಳಿದರು.

"ವಾರಿಜ" ಅಂದ ಪ್ರಭಾಕರ.

"ನಾ ನಿಮ್ಮನ್ನ ಕೇಳಲಿಲ್ರಿ. ನೀವು ವಾರಿಜ ಅಲ್ಲಲ್ಲ?"

ಪ್ರಭಾಕರ ನಕ್ಕ. ಆಮೇಲೂ ಯಾವ ಊರು, ಏನು ಓದಿದ್ದು, ಚಳಿ ಒಗ್ಗಿತೇ ಎಂಬ ಪ್ರಶ್ನೆಗಳಿಗೆಲ್ಲ ಅವನೇ ಉತ್ತರ ಕೊಟ್ಟ. ಎಷ್ಟು ಕಾಳಜಿ ನೋಡಿ ಹೆಂಡತಿಯ ಮೇಲೆ ಎಂದು ಸುಮಿತ್ರಾ ನನ್ನ ಕಿವಿಯಲ್ಲಿ ಹೇಳಿದರು. ಸುಮಿತ್ರಾ ಅಂದರೆ ಬಳಗದ ಅಧ್ಯಕ್ಷರ ಹೆಂಡತಿ. ಅವರ ಪ್ರಶ್ನೆಗಳಿಗೆ ಅಧ್ಯಕ್ಷರು ಎಂದೂ ಉತ್ತರ ಕೊಟ್ಟವರಲ್ಲ, ಹಾಗಾಗಿ ಆಕೆಗೆ ಹಾಗೆ ಕಂಡಿರಬೇಕು.

ಅದಾದ ಕೆಲವು ವಾರಕ್ಕೆ, ಅಮೆರಿಕನ್ನರು ಟರ್ಕಿ ಕೋಳಿ ತಿಂದು ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ನಮ್ಮ ಜನ ಮನೆಯೊಳಗೆ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವವರಲ್ಲ. ಅಮ್ಮ ಬಡಿಸಿದ ಅನ್ನಕ್ಕೆ ಯಾರಾದರೂ ಧನ್ಯವಾದ ಹೇಳಿದರೆ, ಮಗನಿಗೆ ಜ್ವರ ಬಂದಿದೆಯೇ ಎಂದು ಆಕೆ ಹಣೆ ಮುಟ್ಟಿ ನೋಡುತ್ತಾಳೆ. ಆದರೆ ಅಧ್ಯಕ್ಷರು ಹಿಂದಿನ ವರ್ಷ ಆಫೀಸಿನವರು ಯಾರದೋ ಮನೆಯ ಊಟಕ್ಕೆ ಹೋಗಿ, ಅಲ್ಲಿ ಮೇಜಿನ ಸುತ್ತ ಕುಳಿತವರೆಲ್ಲ ಒಬ್ಬೊಬ್ಬರಾಗಿ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳಿದ್ದನ್ನು ಕಂಡು ಮನಸೋತು ಬಂದಿದ್ದರು. ಆ ವರ್ಷ ತಮ್ಮ ಮನೆಯಲ್ಲೇ ಎಲ್ಲರಿಗೂ ಊಟ, ಊಟಕ್ಕೆ ಮುಂಚೆ ಎಲ್ಲರೂ ಕೃತಜ್ಞತೆ ಹೇಳತಕ್ಕದ್ದು ಎಂದು ಸಾರಿದರು. ಟರ್ಕಿಯ ಜಾಗದಲ್ಲಿ ಸುಮಿತ್ರಾ ಬಿಸಿಬೇಳೆಭಾತನ್ನು ದೊಡ್ಡ ಅಲ್ಯೂಮಿನಿಯಂ ಟ್ರೇಯಲ್ಲಿ ಗೋಪುರದಂತೆ ಕಟ್ಟಿದ್ದರು. ಕುಂಬಳಕಾಯಿ ಹುಳಿ ಇತ್ತು, ಕ್ರ್ಯಾನ್‌ಬೆರಿ ಗೊಜ್ಜು ಇತ್ತು. ಸಂಜೆ ನಾಲ್ಕಕ್ಕೇ ಎಲ್ಲವನ್ನೂ ಬಡಿಸಿ, ಯಾರೂ ಕೈ ಹಾಕಬಾರದೆಂದು ಆಜ್ಞೆಯಾಯಿತು. ಭಾತು ಆರುತ್ತಿದ್ದಂತೆ ಕೃತಜ್ಞತೆ ಶುರುವಾಯಿತು.

ಅಧ್ಯಕ್ಷರು ಈ ಮಹಾನ್ ದೇಶಕ್ಕೆ ಕೃತಜ್ಞರಾಗಿದ್ದರು. ಆ ಬಗ್ಗೆ ಸಾಕಷ್ಟು ಹೊತ್ತು ಮಾತಾಡಿದರು. ಸುಮಿತ್ರಾ ಹೊಸ ಅಡುಗೆಮನೆಯ ಟೈಲ್ಸಿಗೆ ಕೃತಜ್ಞರಾಗಿದ್ದರು, ಆಮೇಲೆ ನೆನಪಾಗಿ ದೇವರಿಗೂ. ಒಬ್ಬರು ಗ್ರೀನ್ ಕಾರ್ಡಿಗೆ, ಇನ್ನೊಬ್ಬರು ಲಿವರ್‌ಮೋರ್ ಗುಡ್ಡದ ಮೇಲೆ ದೇವಸ್ಥಾನ ಏಳುತ್ತಿರುವುದಕ್ಕೆ, ಮತ್ತೊಬ್ಬರು ತಮ್ಮ ಮಗ ಸ್ಕೂಲಿನಲ್ಲಿ ಜೀನಿಯಸ್ ಮಕ್ಕಳ ಕ್ಲಾಸಿಗೆ ಆಯ್ಕೆಯಾದದ್ದಕ್ಕೆ. ಈ ಕೊನೆಯದು ಕೃತಜ್ಞತೆಯೋ ಪ್ರಕಟಣೆಯೋ ಎಂದು ತಿಳಿಯಲಿಲ್ಲ. ನನ್ನ ಗಂಡ ನನಗೆ ಕೃತಜ್ಞತೆ ಹೇಳಿದರು. ಮನೆಯಲ್ಲಿ ಒಮ್ಮೆಯೂ ಹೇಳದವರು ನಾಲ್ಕು ಜನರ ಮುಂದೆ ಹೇಳಿದ್ದರಿಂದ ನಾನು ನಂಬಲಿಲ್ಲ. ಆ ತಿಂಗಳಷ್ಟೇ ನಮ್ಮ ಅತ್ತೆ ಆರು ತಿಂಗಳು ಇದ್ದು ಊರಿಗೆ ಮರಳಿದ್ದರು. ಅನು ತನ್ನ ಸರದಿ ಬಂದಾಗ ಸ್ಪಷ್ಟ ಅಮೆರಿಕನ್ ಇಂಗ್ಲಿಷಿನಲ್ಲಿ, ಅಜ್ಜಿ ವಾಪಸ್ ಹೋಗಿದ್ದಕ್ಕೆ ಅಮ್ಮ ಥ್ಯಾಂಕ್‌ಫುಲ್, ಅದಕ್ಕೆ ನಾನೂ ಥ್ಯಾಂಕ್‌ಫುಲ್ ಎಂದಳು. ಇಡೀ ಮೇಜಿನಲ್ಲಿ ಮನಸ್ಸಿನಿಂದ ಬಂದ ಮಾತು ಅದೊಂದೇ ಇರಬೇಕು.

ಹೀಗೆ ಸುತ್ತು ಬಂದು ಪ್ರಭಾಕರನ ಸರದಿ ಮುಗಿಯಿತು. ಪಕ್ಕದಲ್ಲಿ ವಾರಿಜ. ಅವಳು ತಲೆ ಎತ್ತುವ ಮೊದಲೇ ಪ್ರಭಾಕರ, ವಾರಿಜನ ಪರವಾಗಿ ತಾನೇ ಹೇಳುತ್ತೇನೆ, ಅವಳಿಗೆ ಸಂಕೋಚ ಎಂದ. ಹಂಚಿನ ಮನೆಯಿಂದ ಬಂದವಳು, ಇಲ್ಲಿ ಬಟ್ಟೆ ಒಗೆಯುವ ಮೆಷೀನು, ಪಾತ್ರೆ ತೊಳೆಯುವ ಮೆಷೀನು ಕಂಡಳು, ವಿಮಾನ ಹತ್ತಿದಳು, ಇದಕ್ಕೆಲ್ಲ ಅವಳು ಕೃತಜ್ಞಳು ಎಂದು ನಗುತ್ತಾ ಹೇಳಿದ. ನಾವೂ ನಕ್ಕೆವು. ಚಮಚ ಹಿಡಿಯಲು ಎಲ್ಲರೂ ಕೈ ಚಾಚಿದೆವು.

"ಆಕಿಗೂ ಬಾಯಿ ಅದಲ್ರಿ" ಎಂದರು ಡಾಕ್ಟರಮ್ಮ. "ಭಾತು ಹೆಂಗೂ ಆರಿ ಹೋಗ್ಯದ. ಆಕೀನ ಹೇಳ್ಲಿ."

ಯಾರಿಗೂ ಅದು ಬೇಕಾಗಿರಲಿಲ್ಲ. ಮಕ್ಕಳು ಹಸಿದಿದ್ದವು. ವಾರಿಜ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಂಗೆ ಅಮ್ಮನ ಹತ್ರ ಮಾತಾಡ್ಬೇಕು" ಎಂದಳು. "ಇಲ್ಲಿಗೆ ಬಂದ ಮೇಲೆ ಒಂದು ಸಲವೂ ಮಾತಾಡ್ಲಿಲ್ಲ."

ಅಧ್ಯಕ್ಷರು ಕೃತಜ್ಞತೆಯ ವಿಷಯಕ್ಕೆ ಬರುವಂತೆ ಅವಳಿಗೆ ಮೃದುವಾಗಿ ಸೂಚಿಸಿದರು. ಪ್ರಭಾಕರ ಸಮಾಧಾನದಿಂದಲೇ ವಿವರಿಸಿದ: ಊರಿನ ಮನೆಯಲ್ಲಿ ಫೋನಿಲ್ಲ, ಲೈನು ಸಿಗುವುದಿಲ್ಲ, ತಾನು ಆಫೀಸಿನಿಂದ ಆಗಾಗ ವಿಚಾರಿಸುತ್ತೇನೆ, ಅಲ್ಲಿ ಎಲ್ಲ ಸೌಖ್ಯ. ಎಲ್ಲವೂ ನ್ಯಾಯವಾಗಿಯೇ ಕೇಳಿಸಿತು. ಡಾಕ್ಟರಮ್ಮ ಅಷ್ಟರಲ್ಲಿ ಕುರ್ಚಿ ಹಿಂದೆ ಸರಿಸಿ ಎದ್ದಿದ್ದರು. ಅಡುಗೆಮನೆಯ ಗೋಡೆಗೆ ಉದ್ದ ಸುರುಳಿ ವಯರಿನ ಫೋನು ಇತ್ತು.

"ನಂಬರ್ ಬಾಯಾಗ ಬರ್ತದೇನವಾ?"

"ಉಂಟು. ಪಕ್ಕದ ಪೋಸ್ಟ್‌ಮಾಸ್ಟರ ಮನೆದು."

ನಮ್ಮ ನಾಲ್ಕೂವರೆ ಅಲ್ಲಿ ಬೆಳಗಿನ ಆರು. ಡಾಕ್ಟರಮ್ಮ ಆಪರೇಟರ್ ಜೊತೆ ಆಸ್ಪತ್ರೆಯ ದನಿಯಲ್ಲಿ ಮಾತಾಡಿದರು; ಎಮರ್ಜೆನ್ಸಿ, ನಾನು ಡಾಕ್ಟರು ಎಂದರು. ಎರಡೂ ನಿಜವೇ. ಲೈನು ಸಿಕ್ಕಿತು, ಯಾರೋ ಪಕ್ಕದ ಮನೆಗೆ ಓಡಿದರು. ಕಾಯುವಷ್ಟು ಹೊತ್ತೂ ನಾವು ಹದಿನೈದಿಪ್ಪತ್ತು ಜನ ಬಿಸಿಬೇಳೆಭಾತಿನ ಗೋಪುರದ ಸುತ್ತ ಕುಳಿತು ಅಡುಗೆಮನೆಯ ಟೈಲ್ಸನ್ನು ಮೆಚ್ಚುತ್ತಿದ್ದೆವು. ಆಮೇಲೆ ವಾರಿಜ ಮಾತಾಡಿದಳು. "ಅಮ್ಮಾ" ಎಂಬ ಮೊದಲ ಮಾತು ಬಿಟ್ಟರೆ ಮಿಕ್ಕದ್ದೆಲ್ಲ ತುಳು. ಆ ಮನೆಯಲ್ಲಿ ತುಳು ಬರುತ್ತಿದ್ದವನು ಪ್ರಭಾಕರ ಒಬ್ಬನೇ. ಅವನ ಮುಖ ನೋಡಿ ನಾವು ತರ್ಜುಮೆ ಮಾಡಿಕೊಂಡೆವು.

ಫೋನು ಇಟ್ಟು ಅವಳು ಬಾಗಿಲ ಬಳಿ ಬಂದು ನಿಂತಳು. ಅಳುತ್ತಿರಲಿಲ್ಲ. ನೇರವಾಗಿ ಗಂಡನನ್ನೇ ನೋಡಿ ಕನ್ನಡದಲ್ಲಿ ಹೇಳಿದಳು, ನಮಗೆಲ್ಲ ಅರ್ಥವಾಗಲಿ ಎಂದೇ ಇರಬೇಕು.

"ಅಮ್ಮ ಕೇಳ್ತಾರೆ, ಕೋಪ ಹೋಯ್ತಾ ಮಗಾ ಅಂತ. ನಂಗೆ ಅವರ ಮೇಲೆ ಕೋಪ, ಅದಕ್ಕೆ ನಾನು ಫೋನಿಗೆ ಬರುದಿಲ್ಲ ಅಂತ ಹೇಳಿದ್ರಂತೆ ನೀವು. ಅವರು ಒಂದು ವರ್ಷದಿಂದ ದೇವಸ್ಥಾನದಲ್ಲಿ ಹರಕೆ ಹೇಳ್ತಾ ಇದ್ದಾರಂತೆ, ನನ್ನ ಕೋಪ ಇಳೀಲಿ ಅಂತ."

ಪ್ರಭಾಕರ ಇಂಗ್ಲಿಷಿನಲ್ಲಿ ಏನೋ ಹೇಳಿದ. ಹೊಂದಿಕೊಳ್ಳುವ ಕಾಲ, ಊರಿನ ಮಾತು ಕೇಳುತ್ತಿದ್ದರೆ ಮನಸ್ಸು ಇಲ್ಲಿ ನಿಲ್ಲುವುದಿಲ್ಲ, ಎಲ್ಲ ಅವಳ ಒಳ್ಳೆಯದಕ್ಕೇ ಎಂಬ ಧಾಟಿ. ವಾರಿಜ ಅದನ್ನು ಪೂರ್ತಿ ಕೇಳಿಸಿಕೊಂಡಳು.

"ನಾನು ಇವರೊಟ್ಟಿಗೆ ಹೋಗುದಿಲ್ಲ" ಎಂದಳು.

ಇಂಥ ಹೊತ್ತಿನಲ್ಲಿ ನಮ್ಮ ಜನಕ್ಕೆ ಗಾದೆ ನೆನಪಾಗುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅಧ್ಯಕ್ಷರು ನಗಲು ಪ್ರಯತ್ನಿಸಿದರು. ಮೊದಲು ಎಲ್ಲರೂ ಊಟ ಮಾಡೋಣ ಎಂದರು.

"ಉಣ್ಣೂದು, ಮಲಗೂದು ಎರಡೂ ನಮ್ಮ ಮನ್ಯಾಗ ಆಗ್ತದ" ಎಂದರು ಡಾಕ್ಟರಮ್ಮ. "ಚಪ್ಪಲ್ ಹಾಕ್ಕೋವಾ."

ಪ್ರಭಾಕರ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಅವನು ಅಂಥವನಲ್ಲ, ಮರ್ಯಾದಸ್ಥ. ಕುಳಿತಲ್ಲೇ ಕುಳಿತು, ಉಟ್ಟ ಬಟ್ಟೆಯಲ್ಲಿ ಎಲ್ಲಿಗೆ ಹೋಗ್ತಾಳೆ, ಅವಳ ಪಾಸ್‌ಪೋರ್ಟು ಗ್ರೀನ್ ಕಾರ್ಡು ಎಲ್ಲ ನನ್ನ ಆಫೀಸಿನಲ್ಲಿವೆ ಎಂದು ನಮಗೆಲ್ಲ ತಿಳಿಸಿದ. ಡಾಕ್ಟರಮ್ಮ ಅದನ್ನು ಕೇಳಿಸಿಕೊಂಡು ಹೊರಟರು. ನಾನು ಅವರ ಹಿಂದೆ ಹೋದೆ, ಕಾರಿನ ಬಾಗಿಲು ತೆರೆಯಲು ಯಾರಾದರೂ ಬೇಕಿತ್ತು. ಆ ಹುಡುಗಿಗೆ ಯಾವ ಕಡೆಯ ಬಾಗಿಲು ಎಂದೂ ತೋಚುತ್ತಿರಲಿಲ್ಲ. ಹೊರಡುವಷ್ಟರಲ್ಲಿ ಸುಮಿತ್ರಾ ಓಡಿ ಬಂದು, ಫಾಯಿಲ್ ಮುಚ್ಚಿದ ಒಂದು ಟ್ರೇ ಕಿಟಕಿಯಿಂದ ಒಳಗಿಟ್ಟರು. ಗೋಪುರದ ಅರ್ಧ ಭಾಗ ಅದರಲ್ಲಿತ್ತು. ಒಳಗೆ ಅವರ ಯಜಮಾನರು ಕೂಗುತ್ತಿದ್ದರು.

ಮರುವಾರ ಡಾಕ್ಟರಮ್ಮ ರಜೆ ಹಾಕಿ ಪ್ರಭಾಕರನ ಆಫೀಸಿಗೆ ಹೋದರು. ಕಟ್ಟಡದ ಮುಂಭಾಗದ ಸೋಫಾದಲ್ಲಿ ಸೀರೆ, ಬಿಳಿ ಬೂಟು, ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡು ಕುಳಿತು, ಸ್ವಾಗತಕಾರಿಣಿಗೆ ತಾನು ಪ್ರಭಾಕರನನ್ನು ನೋಡಲು ಬಂದ ಡಾಕ್ಟರು, ಅವಸರವಿಲ್ಲ ಎಂದು ತಿಳಿಸಿದರು. ಕಾಫಿಗೆ ಎದ್ದು ಬಂದ ಪ್ರತಿಯೊಬ್ಬರನ್ನೂ, ಪ್ರಭಾಕರ ಈಗ ಹೇಗಿದ್ದಾನೆ ಎಂದು ಕಳಕಳಿಯಿಂದ ವಿಚಾರಿಸಿದರು. ಅವನಿಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ, ರೋಗಿಯ ವಿಷಯ ಹೊರಗೆ ಹೇಳುವ ಹಾಗಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಪಾಸ್‌ಪೋರ್ಟೂ ಕಾರ್ಡೂ ಲಕೋಟೆಯಲ್ಲಿ ಹೊರಗೆ ಬಂದವು.

ಬಳಗದ ವತಿಯಿಂದ ಒಂದು ನಿಯೋಗ ಡಾಕ್ಟರಮ್ಮನ ಮನೆಗೆ ಹೋಯಿತು. ಅಧ್ಯಕ್ಷರ ಜೊತೆ ಇನ್ನಿಬ್ಬರು ಗಣ್ಯರು. ಒಂದು ವರ್ಷ ಆ ಹುಡುಗಿ ಎಲ್ಲಿದ್ದಾಳೆ ಎಂದು ಯಾರೂ ಕೇಳಿರಲಿಲ್ಲ. ಈಗ ಎಲ್ಲರಿಗೂ ಅವಳ ಸಂಸಾರದ ಚಿಂತೆ. ಸಮುದಾಯದ ಹೆಸರು, ಅಮೆರಿಕನ್ನರ ಮುಂದೆ ಮರ್ಯಾದೆ, ಇವೆಲ್ಲ ಆದ ಮೇಲೆ ಅಧ್ಯಕ್ಷರು ಮುಖ್ಯ ವಿಷಯಕ್ಕೆ ಬಂದರಂತೆ: ಅವನು ಅವಳನ್ನು ಮದುವೆಯಾದ, ಈ ದೇಶಕ್ಕೆ ತಂದ, ಮನೆ ಕೊಟ್ಟ, ಹುಡುಗಿಗೆ ಸ್ವಲ್ಪವಾದರೂ ಉಪಕಾರಸ್ಮರಣೆ ಬೇಡವೇ? ಡಾಕ್ಟರಮ್ಮ ಅವರಿಗೆಲ್ಲ ಚಹಾ ಕೊಟ್ಟು, ನಿಮ್ಮ ಹೆಂಡತಿಗೆ ನಿಮ್ಮ ಉಪಕಾರ ನೆನಪಿದೆಯೇ, ಮನೆಗೆ ಹೋಗಿ ಒಮ್ಮೆ ಕೇಳಿ ನೋಡಿ ಎಂದರಂತೆ. ಅಧ್ಯಕ್ಷರು ಕೇಳಿದರೋ ಇಲ್ಲವೋ ತಿಳಿಯದು. ಮುಂದಿನ ಯುಗಾದಿಯ ವಂದನಾರ್ಪಣೆಯನ್ನು ಬೇರೊಬ್ಬರಿಗೆ ಕೊಟ್ಟರು. ಆಕೆ ಅಚ್ಚುಕಟ್ಟಾಗಿ ಎಲ್ಲರಿಗೂ ವಂದನೆ ಹೇಳಿದರು. ಬಹಳ ಚೆನ್ನಾಗಿತ್ತು, ಒಂದು ಮಾತೂ ಯಾರಿಗೂ ನೆನಪಿಲ್ಲ. ಕೆಲವು ವರ್ಷದ ಮೇಲೆ ಪ್ರಭಾಕರ ಬಳಗದ ಉಪಾಧ್ಯಕ್ಷನಾದ. ನಮ್ಮ ಸಂಸ್ಕೃತಿಯಲ್ಲಿ ಕುಟುಂಬದ ಮಹತ್ವ ಎಂಬ ವಿಷಯದ ಮೇಲೆ ಅವನು ಬಹಳ ಮನಮುಟ್ಟುವಂತೆ ಮಾತಾಡುತ್ತಾನೆ.

ವಾರಿಜ ಡಾಕ್ಟರಮ್ಮನ ಮನೆಯಲ್ಲಿ ಉಳಿದಳು. ಉಳಿದದ್ದು ಸುಲಭವಾಗಿರಲಿಲ್ಲ, ಇಬ್ಬರಿಗೂ. ಆ ಹುಡುಗಿ ಕಾಫಿ ಕೊಟ್ಟರೆ ಥ್ಯಾಂಕ್ಸ್, ಹೊದಿಕೆ ಕೊಟ್ಟರೆ ಥ್ಯಾಂಕ್ಸ್, ಲೈಟು ಹಾಕಬಹುದೇ ಎಂದು ಕೇಳಿ ಹಾಕಿ ಅದಕ್ಕೂ ಥ್ಯಾಂಕ್ಸ್. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಬಡಿಸಿದ್ದಕ್ಕಿಂತ ಒಂದು ತುತ್ತು ಹೆಚ್ಚು ಕೇಳುತ್ತಿರಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮ ಏಳುವುದರೊಳಗೆ ಮನೆಯೆಲ್ಲ ಒರೆಸಿ, ಬೈಗುಳಕ್ಕೆ ಕಾಯುವವಳ ಹಾಗೆ ಮೂಲೆಯಲ್ಲಿ ನಿಂತಿರುತ್ತಿದ್ದಳು. "ಈಕಿ ದಿನಾ ಮುಂಜಾನೆ ಎದ್ದು ನನಗ ವಂದನಾರ್ಪಣೆ ಮಾಡ್ತಾಳ್ರಿ" ಎಂದು ಡಾಕ್ಟರಮ್ಮ ನನ್ನಲ್ಲಿ ಹೇಳಿಕೊಂಡರು. ತಮಾಷೆಗೆ ಹೇಳಿದ ಹಾಗಿರಲಿಲ್ಲ. ಕೊನೆಗೆ ಮನೆಯಲ್ಲಿ ಆ ಪದವನ್ನೇ ನಿಷೇಧಿಸಿದರು. ವಾರಿಜ ಅದಕ್ಕೂ ಥ್ಯಾಂಕ್ಸ್ ಅಂದಳು.

ಹಡಗಿನಂಥ ಆ ವ್ಯಾಗನ್ನಿನಲ್ಲೇ ಡಾಕ್ಟರಮ್ಮ ಅವಳಿಗೆ ಡ್ರೈವಿಂಗು ಕಲಿಸಿದರು. ಅವರ ಬಳಿ ಕಲಿತೂ ಅವಳು ಚೆನ್ನಾಗಿ ಓಡಿಸಿದಳು ಎಂಬುದು ಅವಳ ಸಾಮರ್ಥ್ಯಕ್ಕೆ ಸಾಕ್ಷಿ. ಅನು ಹೋಗುತ್ತಿದ್ದ ಡೇಕೇರಿನಲ್ಲಿ ನಾನು ಹೇಳಿ ಒಂದು ಕೆಲಸ ಸಿಕ್ಕಿತು. ಸಂಜೆ ಕಾಲೇಜಿಗೆ ಹೋಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದಳು. ಭಾನುವಾರ ಭಾನುವಾರ ಊರಿಗೆ ಫೋನು. ಪೋಸ್ಟ್‌ಮಾಸ್ಟರ ಮನೆಯವರು ಆಗಲೇ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರಂತೆ. ಕೋರ್ಟಿನಲ್ಲಿ ಮದುವೆಯಿಂದ ಬಿಡುಗಡೆಯೂ ಆಯಿತು. ಸ್ಯಾಕ್ರಮೆಂಟೋದಲ್ಲಿ ಕೆಲಸ ಸಿಕ್ಕಿ, ಒಂದು ದಿನ ಎರಡು ಸೂಟ್‌ಕೇಸು ಕಾರಿಗೆ ಹಾಕಿಕೊಂಡು ಹೊರಟೂ ಹೋದಳು.

ಹೊರಡುವಾಗ ಅವಳು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಾನು ಅಲ್ಲಿಯೇ ಇದ್ದೆ. ಹೋಗಿ ಬರ್ತೇನೆ ಎಂದಳು, ಕಾರು ಹಿಂದಕ್ಕೆ ತೆಗೆದಳು, ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಬರಲಿಲ್ಲ. ಸುಮಿತ್ರಾಗೆ ಇದು ಸಹಿಸಲಾಗಲಿಲ್ಲ. ಡಾಕ್ಟರಮ್ಮನನ್ನು ನಮ್ಮ ಮನೆಯಲ್ಲೇ ಹಿಡಿದು ಕೇಳಿದರು: ಅಷ್ಟೆಲ್ಲಾ ಮಾಡಿದಿರಿ, ಅಷ್ಟು ಜನರ ಬಾಯಿಗೆ ಬಿದ್ದಿರಿ, ಬಾಯಿಮಾತಿಗಾದರೂ ಒಂದು ಥ್ಯಾಂಕ್ಸ್ ಹೇಳಿದಳೇ ಅವಳು?

ಡಾಕ್ಟರಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಅವರಿಗೂ ಎಲ್ಲೋ ನೋವಾಗಿದೆಯೇನೋ ಎಂದು ನನಗನಿಸಿತು. ಆಮೇಲೆ ಹೇಳಿದರು.

"ಆ ಮನ್ಯಾಗ ಆಕಿ ಉಸಿರಾಡೂದಕ್ಕೂ ಉಪಕಾರ ನೆನಸಬೇಕಿತ್ತು, ಸುಮಿತ್ರಾ. ನನ್ನ ಮನ್ಯಾಗೂ ಅದನ್ನ ಕೇಳಿದ್ರ, ಆಕಿ ಮನಿ ಬದಲ ಮಾಡಿದ್ದಕ್ಕ ಏನ್ ಅರ್ಥ ಬಂತು?"

ಸುಮಿತ್ರಾ ನಂತರ ನನ್ನಲ್ಲಿ, ಹೇಳುವುದಕ್ಕೇನು, ಬೇಜಾರು ಅವರಿಗೂ ಇದೆ ಎಂದರು. ಇದ್ದೀತು. ಡಾಕ್ಟರಮ್ಮನೇನೂ ಕಲ್ಲಿನಿಂದ ಮಾಡಿದವರಲ್ಲ. ಆ ಹುಡುಗಿಯ ಕೋಣೆಯನ್ನು ಅವರು ಯಾರಿಗೂ ಕೊಡಲಿಲ್ಲ.

ವಾರಿಜ ಸ್ಯಾಕ್ರಮೆಂಟೋಗೆ ಹೋದ ಮೇಲಿನ ಮೊದಲ ಥ್ಯಾಂಕ್ಸ್‌ಗಿವಿಂಗ್‌ಗೂ ಅಧ್ಯಕ್ಷರ ಮನೆಯಿಂದ ಡಾಕ್ಟರಮ್ಮನಿಗೆ ಕರೆ ಬಂದಿರಲಿಲ್ಲ. ಅಲ್ಲಿಯ ಕಾರ್ಯಕ್ರಮಪಟ್ಟಿಯಿಂದ ಕೃತಜ್ಞತೆಯನ್ನು ಎಂದೋ ಕೈಬಿಟ್ಟಿದ್ದರು, ನೇರವಾಗಿ ಊಟ. ನಾನು ಒಂದು ಡಬ್ಬಿ ಹೋಳಿಗೆ ಹಿಡಿದು ಮಧ್ಯಾಹ್ನ ಡಾಕ್ಟರಮ್ಮನ ಮನೆಗೆ ಹೋದೆ. ಅವರು ಆಸ್ಪತ್ರೆಯಿಂದ ಬಂದು, ಉಪ್ಪಿಟ್ಟು ಮಾಡಲೋ ಬೇಡವೋ ಎಂದು ಯೋಚಿಸುತ್ತಾ ಕುಳಿತಿದ್ದರು. ಆಗ ಹೊರಗೆ ಕಾರು ನಿಂತ ಸದ್ದಾಯಿತು. ಬೆಲ್ಲು ಆಗಲಿಲ್ಲ. ಬೀಗದ ಕೈ ತಿರುಗಿತು.

ವಾರಿಜ, ಇಲ್ಲಿಯ ಮಕ್ಕಳು ಹಾಸ್ಟೆಲಿನಿಂದ ಮನೆಗೆ ತರುವ ಹಾಗೆ, ಒಗೆಯುವ ಬಟ್ಟೆಯ ದೊಡ್ಡ ಮೂಟೆಯೊಂದನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದಳು. ಮೈ ತುಂಬಿಕೊಂಡಿತ್ತು, ಕೂದಲು ಕತ್ತರಿಸಿದ್ದಳು. ಮೂಟೆಯನ್ನು ಹಾದಿಯಲ್ಲೇ ಎತ್ತಿಹಾಕಿ, ಫ್ರೀವೇಯ ಟ್ರಾಫಿಕ್ಕನ್ನು ಶಪಿಸಿ, ಸೀದಾ ಅಡುಗೆಮನೆಗೆ ಹೋದಳು. ಫ್ರಿಜ್ಜು ತೆರೆದ ಸದ್ದು, ಹಿಂದೆಯೇ ಅವಳ ದನಿ.

"ಎಂತ ಡಾಕ್ಟರಮ್ಮ ಇದು? ಈ ಮೊಸರು ಯಾವ ಕಾಲದ್ದು? ಹುಳಿ ಬಂದು ಸತ್ತಿದೆ. ನೀವು ಇದನ್ನೇ ತಿಂದುಕೊಂಡು ಇದ್ದೀರಾ?"

ಡಬ್ಬಿಗಳು ಒಂದೊಂದಾಗಿ ಸಿಂಕಿಗೆ ಬಿದ್ದವು. ಈ ತರಕಾರಿಗೆ ಜೀವ ಇಲ್ಲ, ಆ ಸಾರಿಗೆ ಬೂಷ್ಟು ಬಂದಿದೆ, ಮನೆಯಲ್ಲಿ ಒಬ್ಬರೇ ಇದ್ದರೆ ಹೀಗೆಲ್ಲ ಇರಬೇಕೆಂದು ಉಂಟೇ, ಹೊಟ್ಟೆ ನೋವು ಬಂದರೆ ನೋಡುವವರು ಯಾರು, ಡಾಕ್ಟರಂತೆ ಡಾಕ್ಟರು. ಮದುವೆಯಾಗಿ ಹೋದ ಮಗಳು ತವರಿಗೆ ಬಂದ ಮೊದಲ ಗಂಟೆಯಲ್ಲಿ ಆಡುವ ಮಾತುಗಳೆಲ್ಲ ಒಂದರ ಹಿಂದೊಂದು ಬಂದವು. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅಧ್ಯಕ್ಷರ ಒಂದು ವಾಕ್ಯವನ್ನೂ ಉತ್ತರ ಕೊಡದೆ ಬಿಟ್ಟವರಲ್ಲ ಅವರು. ಏನಾದರೂ ಅನ್ನುತ್ತಾರೆ ಎಂದು ಕಾದೆ.

"ಹಸಿಮೆಣಸು ಎಲ್ಲಿಟ್ಟಿದ್ದೀರಿ?" ಒಳಗಿನಿಂದ ಮತ್ತೆ ಕೂಗಿದಳು. "ಈ ಮನೆಯಲ್ಲಿ ಒಂದು ವಸ್ತು ಇದ್ದಲ್ಲಿ ಇರುದಿಲ್ಲ."

ಡಾಕ್ಟರಮ್ಮ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು. ಆಮೇಲೆ ತುಟಿ ಬಿಚ್ಚದೆ ಎದ್ದು, ಹಸಿಮೆಣಸಿನಕಾಯಿ ಹುಡುಕಲು ಒಳಗೆ ಹೋದರು.